ನಮ್ಮ ಲ್ಯಾಬಿಗೆ ಬೇಕಿರುವುದು ಐದು ನಿಮಿಷ

ಸೇಡಂ ಸುತ್ತಮುತ್ತ ಬೆಳೆದವರಿಗೆ ಕರೆಂಟ್ ಹೋಗುವುದು ಒಂದು ಸುದ್ದಿಯೇ ಅಲ್ಲ. ಕಿರಾಣಿ ಅಂಗಡಿಯವರು ಕೈಯಲ್ಲಿದ್ದ ಪೊಟ್ಟಣ ಇಳಿಸದೆಯೇ ಚಾರ್ಜಿಂಗ್ ಲೈಟ್ ಹಚ್ಚುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಇನ್ವರ್ಟರ್ ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಮಸೀದಿಯ ಮೈಕ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಎಲ್ಲರೂ ತಮ್ಮ ತಮ್ಮ ಶಕ್ತಿಗೆ ತಕ್ಕ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಮಾಡಿಕೊಳ್ಳದೆ ಉಳಿದವರು ನಾವು, ಅಂದರೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನವರು. ಅಲ್ಲಿ "ಕರೆಂಟ್ ಹೋಗ್ಯಾದ ಸರ್" ಎಂದು ಯಾರೋ ಕೂಗುತ್ತಾರೆ, ಒಂದಿಷ್ಟು ಜನ ನಗುತ್ತಾರೆ, ಪೀರಿಯಡ್ ಮುಗಿದಂತೆ ಲೆಕ್ಕ.

ಆ ನಗುವಿನ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವನು ರಾತ್ರಿ ಕುಳಿತು ಅದೇ ಪ್ರೋಗ್ರಾಂ ಮತ್ತೊಮ್ಮೆ ಬರೆಯುತ್ತಾನೆ. ಮುಧೋಳ, ಕುರಕುಂಟಾ, ಮಳಖೇಡ ಕಡೆಯಿಂದ ಬಸ್ಸಿಗೆ ಬರುವ ಹುಡುಗಿಯ ಕೈಗೆ ಕೀಬೋರ್ಡ್ ಸಿಗುವುದು ವಾರದ ಲ್ಯಾಬ್ ಅವಧಿಯಲ್ಲಿ ಮಾತ್ರ. ಅವಳು ಮುಕ್ಕಾಲು ಗಂಟೆ ಟೈಪ್ ಮಾಡಿದ್ದು ಒಂದು ಕ್ಷಣದಲ್ಲಿ ಹೋದರೆ, ಅದನ್ನು ಮತ್ತೆ ಮಾಡಲು ಅವಳಿಗೆ ಬೇರೆ ಜಾಗವಿಲ್ಲ. "ಸಂಜೆ ಕುಳಿತು ಮುಗಿಸು" ಎಂದರೆ ಊರಿನ ಬಸ್ಸು ತಪ್ಪುತ್ತದೆ. ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್‌ನ 100 ಅಂಕಗಳಲ್ಲಿ 30 ಪ್ರಾಯೋಗಿಕ ಪರೀಕ್ಷೆಯದು. ಕರೆಂಟಿನ ಕಾರಣಕ್ಕೆ ಅಭ್ಯಾಸ ತಪ್ಪಿಸಿಕೊಂಡವರು ಆ 30 ಅಂಕಗಳ ಮುಂದೆ ಹೇಗೆ ನಿಲ್ಲುತ್ತಾರೆ ಎಂದು ನಾವು ಕೇಳಿಕೊಳ್ಳಬೇಕು.

ಕೇಳಿದಾಗ ಬರುವ ಉತ್ತರ ಎಲ್ಲ ಸಣ್ಣ ಕಾಲೇಜುಗಳಲ್ಲೂ ಒಂದೇ. ಬಜೆಟ್ ಇಲ್ಲ. ಈ ಉತ್ತರ ಸುಳ್ಳಲ್ಲ. ಇಲ್ಲಿ ಓದುವ ಹೆಚ್ಚಿನವರು ಕಲ್ಲು ಕ್ವಾರಿ, ಹಮಾಲಿ, ಟೇಲರಿಂಗ್, ಸಣ್ಣ ವ್ಯಾಪಾರ, ಎರಡು-ಮೂರು ಎಕರೆ ತೊಗರಿ ನಂಬಿದ ಮನೆಯವರು. ಫೀಸು ಏರಿಸುವ ದಾರಿ ಇಲ್ಲ. ಆದರೆ ನಾವು ಕೇಳುತ್ತಿರುವುದೇ ತಪ್ಪು ವಸ್ತು ಎಂದು ನನಗೆ ಅನ್ನಿಸುತ್ತದೆ. ಕರೆಂಟ್ ಇಲ್ಲದಾಗಲೂ ಇಡೀ ಲ್ಯಾಬ್ ಎರಡು ಗಂಟೆ ನಡೆಯಲಿ ಎಂದು ಕೇಳಿದರೆ ಅದು ದೊಡ್ಡ ಖರ್ಚು. ಪ್ರತಿ ಕಂಪ್ಯೂಟರಿಗೂ ಐದು ನಿಮಿಷ ಕೊಡಿ ಎಂದು ಕೇಳಿದರೆ ಅದು ಕೈಗೆಟಕುವ ಖರ್ಚು. ಬರೆದದ್ದನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚಲು ಐದು ನಿಮಿಷ ಸಾಕು.

ಒಳಗೆ ಏನಾಗುತ್ತದೆ

ನಾವು ಟೈಪ್ ಮಾಡುವುದೆಲ್ಲ ಮೊದಲು ರ‍್ಯಾಮ್‌ನಲ್ಲಿರುತ್ತದೆ. ರ‍್ಯಾಮ್‌ಗೆ ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ನೆನಪು. ಕರೆಂಟ್ ಹೋದ ಕ್ಷಣ ಡಿಸ್ಕಿಗೆ ಇಳಿಯದ ಪ್ರತಿ ಅಕ್ಷರವೂ ಹೋಗುತ್ತದೆ. ಆ ಕ್ಷಣದಲ್ಲಿ ಡಿಸ್ಕಿನ ಮೇಲೆ ಬರವಣಿಗೆ ನಡೆಯುತ್ತಿದ್ದರೆ ಕಡತ ಅರ್ಧಕ್ಕೇ ನಿಲ್ಲಬಹುದು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್, ಲಿನಕ್ಸ್ ಬಳಸುವ ಎಕ್ಸ್ಟ್4 ವ್ಯವಸ್ಥೆಗಳು ಏನು ಮಾಡಲು ಹೊರಟಿದ್ದೆವು ಎಂಬುದನ್ನು ಮೊದಲೇ ದಿನಚರಿಯಂತೆ ಬರೆದಿಟ್ಟುಕೊಳ್ಳುತ್ತವೆ. ಅದರಿಂದ ಡಿಸ್ಕಿನ ಕಟ್ಟು ಉಳಿಯುತ್ತದೆ. ಕಡತದ ಒಳಗಿನ ನಮ್ಮ ಬರಹ ಉಳಿಯುತ್ತದೆ ಎಂಬ ಭರವಸೆಯನ್ನು ಅವು ಕೊಡುವುದಿಲ್ಲ.

ಎರಡನೆಯ ಪೆಟ್ಟು ಕರೆಂಟ್ ಮರಳಿ ಬರುವಾಗ ಬೀಳುತ್ತದೆ. ಓಣಿಯ ಮೋಟಾರು, ಫ್ರಿಜ್ಜು, ಫ್ಯಾನು ಎಲ್ಲ ಒಂದೇ ಸಲ ಎದ್ದಾಗ ವೋಲ್ಟೇಜ್ ಜಗ್ಗಾಡುತ್ತದೆ. ನಮ್ಮ ದೇಶದಲ್ಲಿ ಮನೆ-ಅಂಗಡಿಗಳಿಗೆ ಬರಬೇಕಾದದ್ದು 230 ವೋಲ್ಟ್. ಅದು ಕೆಲವು ಕ್ಷಣ ಕೆಳಗೆ ಕುಸಿದು, ಆಮೇಲೆ ಮೇಲೆ ಜಿಗಿದರೆ ಕಂಪ್ಯೂಟರಿನ ಪವರ್ ಸಪ್ಲೈ ಸವೆಯುತ್ತದೆ. ಮೂರನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗು-ಗಾಳಿಯ ಮಳೆಯಲ್ಲಿ ದೂರದ ಕಂಬಕ್ಕೆ ಬಿದ್ದ ಸಿಡಿಲೂ ತಂತಿಯ ಮೂಲಕ ಒಳಗೆ ಬರಬಲ್ಲದು.

ಕರೆಂಟ್ ಹೋಗುವ ಕಾರಣಗಳೂ ಹಲವು. ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದಿಂದ 2013ರ ಡಿಸೆಂಬರ್ 31ರಂದು ದಕ್ಷಿಣ ಭಾರತದ ಗ್ರಿಡ್ ರಾಷ್ಟ್ರೀಯ ಗ್ರಿಡ್‌ಗೆ ಸೇರಿತು. ನಮ್ಮ ಪಕ್ಕದ ಊರುಗಳ ನಡುವೆಯೇ ದೇಶದ ಗ್ರಿಡ್ ಒಂದಾಯಿತು ಎನ್ನಬಹುದು. ಆದರೂ ಓಣಿಯ ಟ್ರಾನ್ಸ್‌ಫಾರ್ಮರ್ ಸುಡುವುದು, 11 ಕೆವಿ ಲೈನಿನ ಮೇಲೆ ಬೇವಿನ ಕೊಂಬೆ ಬೀಳುವುದು, ಫ್ಯೂಸ್ ಹಾರುವುದು ನಿಂತಿಲ್ಲ. 2023ರ ಬರದ ವರ್ಷದಲ್ಲಿ ರಾಜ್ಯಕ್ಕೇ ವಿದ್ಯುತ್ ಕೊರತೆ ಬಂದು ರೈತರ ಪಂಪ್‌ಸೆಟ್‌ಗಳ ಸರಬರಾಜು ಕಡಿತವಾದದ್ದೂ ನೆನಪಿದೆ. ದೊಡ್ಡ ಗ್ರಿಡ್ ಬಂದ ಮಾತ್ರಕ್ಕೆ ನಮ್ಮ ಸ್ವಿಚ್ ಬೋರ್ಡಿಗೆ ಖಾತ್ರಿ ಬರುವುದಿಲ್ಲ. ಆ ಕೊನೆಯ ಕೆಲವು ಮೀಟರುಗಳ ಜವಾಬ್ದಾರಿ ನಮ್ಮದೇ.

ಸಿಮೆಂಟ್ ಫ್ಯಾಕ್ಟರಿಯವರ ಲೆಕ್ಕ

ಐದು ನಿಮಿಷದ ಮಾತು ಹೊಸದೇನಲ್ಲ. ನಮ್ಮ ಕಣ್ಣೆದುರಿನ ಉದ್ಯಮವೇ ಅದನ್ನು ಪಾಲಿಸುತ್ತದೆ. ಸಿಮೆಂಟ್ ಫ್ಯಾಕ್ಟರಿಯ ಹೃದಯ ಕಿಲ್ನ್, ಅಂದರೆ ನಿಧಾನವಾಗಿ ತಿರುಗುತ್ತಲೇ ಇರುವ ಉದ್ದನೆಯ ಉಕ್ಕಿನ ಕೊಳವೆ. ಅದರೊಳಗೆ ಸುಣ್ಣದ ಕಲ್ಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕ್ಲಿಂಕರ್ ಆಗುತ್ತದೆ. ಕರೆಂಟ್ ಹೋಗಿ ಕಾದ ಕಿಲ್ನ್ ನಿಂತುಬಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗಿದರೆ ನಷ್ಟ ದೊಡ್ಡದು. ಅದಕ್ಕಾಗಿ ಕಿಲ್ನ್‌ಗೆ ಒಂದು ಸಣ್ಣ ಸಹಾಯಕ ಚಾಲನೆ ಇರುತ್ತದೆ. ಮುಖ್ಯ ಕರೆಂಟ್ ಹೋದಾಗ ಡೀಸೆಲ್ ಬಲದಿಂದ ಅದು ಕಿಲ್ನ್‌ನ್ನು ತೀರಾ ನಿಧಾನವಾಗಿ ತಿರುಗಿಸುತ್ತ, ಬಾಗದಂತೆ ಕಾಯುತ್ತದೆ. ಆ ಹೊತ್ತಿನಲ್ಲಿ ಸಿಮೆಂಟ್ ತಯಾರಾಗುವುದಿಲ್ಲ. ಹಾಳಾಗುವುದನ್ನು ತಡೆದರೆ ಸಾಕು ಎಂಬುದು ಅವರ ಲೆಕ್ಕ.

ಕೋಟಿಗಟ್ಟಲೆ ವಹಿವಾಟಿನವರೇ ಹೀಗೆ ಲೆಕ್ಕ ಹಾಕುವಾಗ, ನಾವು ಹಾಕಲು ಯಾಕೆ ಹಿಂಜರಿಯಬೇಕು? ಲ್ಯಾಬಿನಲ್ಲಿ ಹಾಳಾಗುವ ವಸ್ತುಗಳು ಎರಡು. ಒಂದು ವಿದ್ಯಾರ್ಥಿಯ ಕೆಲಸ, ಇನ್ನೊಂದು ಯಂತ್ರ. ಇವೆರಡನ್ನು ಕಾಯುವ ಕ್ರಮದಲ್ಲಿ ಹಣ ಖರ್ಚಾಗಬೇಕು.

ಮೊದಲ ಹಣ ಮಣ್ಣಿಗೆ

ಯುಪಿಎಸ್ ಖರೀದಿಗೆ ಮೊದಲು ಅರ್ಥಿಂಗ್ ಸರಿಯಿದೆಯೇ ನೋಡಬೇಕು. ಸ್ಪೈಕ್ ಗಾರ್ಡ್ ಎಂಬುದರೊಳಗೆ ವೇರಿಸ್ಟರ್ ಎನ್ನುವ ಬಿಲ್ಲೆಯಿರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಅದು ಹೆಚ್ಚಿನ ಹೊಡೆತವನ್ನು ಬೇರೆ ದಾರಿಗೆ, ಮುಖ್ಯವಾಗಿ ನೆಲಕ್ಕೆ ಹರಿಸುತ್ತದೆ. ನೆಲಕ್ಕೆ ಹೋಗುವ ದಾರಿಯೇ ಕೆಟ್ಟಿದ್ದರೆ ಸ್ಪೈಕ್ ಗಾರ್ಡ್ ಅರ್ಧ ಕೆಲಸವನ್ನೂ ಮಾಡಲಾರದು. ಅಗ್ಗದ ಬೆಲೆಗೆ ಆ ಹೆಸರಿನಲ್ಲಿ ಮಾರುವ ಎಷ್ಟೋ ಬೋರ್ಡುಗಳಲ್ಲಿ ವೇರಿಸ್ಟರ್ ಇರುವುದೇ ಇಲ್ಲ, ಒಂದು ಸ್ವಿಚ್ಚು ಮತ್ತು ಫ್ಯೂಸ್ ಅಷ್ಟೆ.

ನಮ್ಮ ನೆಲದಲ್ಲಿ ಅರ್ಥಿಂಗ್ ಸುಲಭದ ಕೆಲಸವಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಉದ್ದಕ್ಕೂ ಮಣ್ಣಿನ ಕೆಳಗೆ ಸುಣ್ಣದ ಕಲ್ಲಿನ ಹಾಸಿದೆ. ಶಹಾಬಾದಿ ಫರಸಿಯಾಗಿ ನಮ್ಮ ಮನೆಗಳ ನೆಲಕ್ಕೆ ಬಂದಿರುವುದೂ, ಸಿಮೆಂಟ್ ಫ್ಯಾಕ್ಟರಿಗಳನ್ನು ಇಲ್ಲಿಗೆ ಕರೆತಂದದ್ದೂ ಅದೇ ಕಲ್ಲು. ಒಣಗಿದ ಕಲ್ಲಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಮೇಲಿನ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಗುಡುಗು-ಸಿಡಿಲು ಬರುವ ಏಪ್ರಿಲ್-ಮೇ ತಿಂಗಳಲ್ಲೇ ಅರ್ಥಿಂಗ್ ಅತ್ಯಂತ ದುರ್ಬಲವಾಗಿರುತ್ತದೆ ಎಂಬುದು ಇದರಿಂದ ತಿಳಿಯಬೇಕಾದ ಮಾತು.

ಪರಿಹಾರ ಕಡಿಮೆ ಖರ್ಚಿನದೇ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಗುಂಡಿಯನ್ನು ಪರೀಕ್ಷಿಸಿ, ಇದ್ದಿಲು-ಉಪ್ಪು ಮತ್ತೆ ತುಂಬಿಸಿ, ಫೆಬ್ರವರಿಯಿಂದ ಮಳೆಗಾಲದವರೆಗೆ ವಾರಕ್ಕೆರಡು ಕೊಡ ನೀರು ಹಾಕಿದರೆ ಗುಂಡಿಯ ಸ್ಥಿತಿ ಸುಧಾರಿಸುತ್ತದೆ. ಲ್ಯಾಬಿನ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಅಳೆಯಲಿ. ಅದು ಎರಡು-ಮೂರು ವೋಲ್ಟ್ ಒಳಗಿರಬೇಕು ಎಂದು ಕಂಪ್ಯೂಟರ್ ಅಳವಡಿಸುವವರು ಹೇಳುತ್ತಾರೆ. ಅಳೆಯುವ ಕೆಲಸ ಎಲೆಕ್ಟ್ರಿಷಿಯನ್‌ರದು, ನಮ್ಮದಲ್ಲ. ಅಳೆದ ಅಂಕಿಯನ್ನು ಬರೆದಿಡುವ ಕೆಲಸ ನಮ್ಮದು.

ಎರಡನೆಯ ಹಣ ಬ್ಯಾಟರಿಗೆ

ಈಗ ಸಣ್ಣ ಗಣಿತ. ಎಲ್‌ಇಡಿ ಮಾನಿಟರ್ ಇರುವ ಸಾಧಾರಣ ಡೆಸ್ಕ್‌ಟಾಪ್ ಪೈಥಾನ್ ಅಥವಾ ಟ್ಯಾಲಿ ನಡೆಸುವಾಗ ಹೆಚ್ಚುಕಡಿಮೆ 75 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಕಂಪ್ಯೂಟರಿಗೆ 1500 ವ್ಯಾಟ್. ಐದು ನಿಮಿಷಕ್ಕೆ ಬೇಕಾಗುವ ಶಕ್ತಿ 125 ವ್ಯಾಟ್-ಗಂಟೆ. ಮನೆಯ ಇನ್ವರ್ಟರಿಗೆ ಹಾಕುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿ ಲೆಕ್ಕದ ಪ್ರಕಾರ 3600 ವ್ಯಾಟ್-ಗಂಟೆ ಇದೆ. ನಷ್ಟ, ಸವೆತ ಎಲ್ಲ ಕಳೆದು ಅರ್ಧವೇ ಸಿಕ್ಕರೂ ಐದು ನಿಮಿಷಕ್ಕೆ ಅದರ ಹತ್ತನೆಯ ಒಂದು ಭಾಗವೂ ಬೇಡ. ಪ್ರಾಯೋಗಿಕ ಪರೀಕ್ಷೆಯ ದಿನ ಅರ್ಧ ಗಂಟೆ ನಡೆಸಲೂ ಸಾಕಾಗುತ್ತದೆ.

ಪ್ರತಿ ಕಂಪ್ಯೂಟರಿಗೆ ಒಂದೊಂದು ಸಣ್ಣ ಯುಪಿಎಸ್ ಕೊಡುವುದು ಇನ್ನೊಂದು ದಾರಿ. ಅದರೊಳಗಿನ 7 ಆಂಪಿಯರ್-ಗಂಟೆಯ ಬ್ಯಾಟರಿ ಹೊಸದಿದ್ದಾಗ ಚೆನ್ನಾಗಿಯೇ ನಡೆಯುತ್ತದೆ. ಎರಡು-ಮೂರು ವರ್ಷಕ್ಕೆ ಸಾಯುತ್ತದೆ. ಇಪ್ಪತ್ತು ಬ್ಯಾಟರಿ ಒಟ್ಟಿಗೆ ಸತ್ತರೆ ಬದಲಿಸುವವರು ಯಾರು? ಸತ್ತ ಬ್ಯಾಟರಿಯ ಯುಪಿಎಸ್ ಒಂದು ದುಬಾರಿ ಪ್ಲಗ್ ಬೋರ್ಡ್ ಆಗಿ ಮೇಜಿನ ಕೆಳಗೆ ಕೂರುತ್ತದೆ. ಇಪ್ಪತ್ತು ಸಣ್ಣ ಬ್ಯಾಟರಿಗಿಂತ ಎರಡು ದೊಡ್ಡ ಬ್ಯಾಟರಿಯನ್ನು ನೋಡಿಕೊಳ್ಳುವುದು ಸುಲಭ. ಆದ್ದರಿಂದ ಇಡೀ ಲ್ಯಾಬಿಗೆ ಒಂದು ಇನ್ವರ್ಟರ್ ಎಂಬುದು ನನ್ನ ಮತ. ಅದು ಕೆಟ್ಟರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ ಎಂಬ ಅಪಾಯ ಇದರಲ್ಲಿದೆ, ಒಪ್ಪುತ್ತೇನೆ. ನೋಡಿಕೊಳ್ಳುವವರು ಇದ್ದರೆ ಆ ಅಪಾಯ ಸಣ್ಣದು.

ಖರೀದಿಸುವಾಗ ಮೂರು ಮಾತು ನೆನಪಿರಬೇಕು. ಮೊದಲನೆಯದು, ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಬೇಕು. ಚೌಕ ಅಲೆಯ ಅಗ್ಗದ ಇನ್ವರ್ಟರ್ ಹೊಸ ಪವರ್ ಸಪ್ಲೈಗಳಿಗೆ ಒಗ್ಗುವುದಿಲ್ಲ. ಎರಡನೆಯದು, ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲೇ ಇಡಬೇಕು. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟ್ ಇಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು ಮಾತ್ರ. ಮಾಮೂಲಿ ಮೋಡ್‌ನಲ್ಲಿ ಇನ್ವರ್ಟರ್ ಅದಕ್ಕಿಂತ ತಡವಾಗಿ ಹೊರಳುತ್ತದೆ. ಫ್ಯಾನಿಗೆ ಗೊತ್ತಾಗದ ಆ ತಡಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ. ಮೂರನೆಯದು, ಫ್ಯಾನು, ಪ್ರೊಜೆಕ್ಟರು, ಅದರಲ್ಲೂ ಲೇಸರ್ ಪ್ರಿಂಟರನ್ನು ಈ ಲೈನಿಗೆ ಸೇರಿಸಬಾರದು. ಪ್ರಿಂಟರಿನೊಳಗಿನ ಹೀಟರ್ ಒಂದೇ ಹಲವು ಕಂಪ್ಯೂಟರುಗಳಷ್ಟು ಎಳೆಯುತ್ತದೆ.

ಬ್ಯಾಟರಿಯ ದೊಡ್ಡ ಶತ್ರು ನಮ್ಮ ಬಿಸಿಲು. 25 ಡಿಗ್ರಿಗಿಂತ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಸ-ಆಮ್ಲದ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಿಳಿದವರ ಅಂದಾಜು. ಮೇ ತಿಂಗಳಲ್ಲಿ 40 ದಾಟುವ ಊರಿನಲ್ಲಿ ಬ್ಯಾಟರಿಯನ್ನು ಪಶ್ಚಿಮದ ಗೋಡೆಗೆ, ತಗಡಿನ ಶೆಡ್ಡಿಗೆ ಸೇರಿಸಿಟ್ಟರೆ ಹಣವನ್ನು ಬಿಸಿಲಿಗೆ ಒಣಗಿಸಿದಂತೆ. ನೆರಳಿರುವ, ಗಾಳಿಯಾಡುವ ಜಾಗ ಬೇಕು. ಗಾಳಿಯಾಡಬೇಕು ಏಕೆಂದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಸುಣ್ಣದ ಕಲ್ಲಿನ ನೆಲದ ನಮ್ಮ ಬೋರ್‌ವೆಲ್ ನೀರು ಗಡುಸು, ಅದು ಬ್ಯಾಟರಿಗೆ ವಿಷ. ಸತ್ತ ಬ್ಯಾಟರಿಯನ್ನು ಗುಜರಿಗೆ ಎಸೆಯದೆ ಅಂಗಡಿಗೇ ಮರಳಿಸಿದರೆ ಹೊಸದರಲ್ಲಿ ಸ್ವಲ್ಪ ದರವೂ ಕಡಿಮೆಯಾಗುತ್ತದೆ, ಸೀಸ ಮಣ್ಣಿಗೆ ಸೇರುವುದೂ ತಪ್ಪುತ್ತದೆ.

ಹಣವಿಲ್ಲದೆ ಆಗುವ ಕೆಲಸ

ಮೇಲಿನ ಎರಡೂ ಆಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಫೈಲ್ ತೆರೆದ ಕೂಡಲೇ ಅದಕ್ಕೆ ಹೆಸರು ಕೊಟ್ಟು ಉಳಿಸೋಣ, ಆಮೇಲೆ ಬರೆಯೋಣ. ಪ್ರತಿ ಐದಾರು ಸಾಲಿಗೊಮ್ಮೆ ಕಂಟ್ರೋಲ್ ಎಸ್ ಒತ್ತೋಣ. ಪೈಥಾನ್‌ನ ಐಡಲ್ ತಾನಾಗಿ ಏನನ್ನೂ ಉಳಿಸುವುದಿಲ್ಲ. ವರ್ಡ್ ಮತ್ತು ಲಿಬ್ರೆ ಆಫೀಸ್ ಮಾಮೂಲಿಯಾಗಿ ಹತ್ತು ನಿಮಿಷಕ್ಕೊಮ್ಮೆ ಉಳಿಸಿಕೊಳ್ಳುತ್ತವೆ. ಆ ಹತ್ತನ್ನು ಎರಡಕ್ಕೆ ಇಳಿಸಲು ಒಂದು ನಿಮಿಷ ಸಾಕು. ಇಪ್ಪತ್ತು ಕಂಪ್ಯೂಟರಿಗೂ ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅದು. ಫೈಲಿಗೆ ಬರೆಯುವ ಪ್ರೋಗ್ರಾಂನಲ್ಲಿ ಕ್ಲೋಸ್ ಮಾಡುವುದನ್ನು ಮರೆಯಬೇಡಿ ಎಂದು ಉಪನ್ಯಾಸಕರು ಹೇಳುವುದು, ಡೇಟಾಬೇಸ್ ಪಾಠದಲ್ಲಿ ಕಮಿಟ್ ಎಂದು ಓದುವುದು ಇದೇ ಕಾರಣಕ್ಕೆ. ಕರೆಂಟ್ ಹೋದರೂ ಲೆಕ್ಕ ತಪ್ಪಬಾರದು ಎಂಬ ಚಿಂತೆಯಿಂದಲೇ ಆ ವಿಷಯ ಹುಟ್ಟಿದೆ. ಪಠ್ಯದ ಉದಾಹರಣೆ ನಮ್ಮ ಮೇಜಿನ ಮೇಲೆಯೇ ಇದೆ.

ಕರೆಂಟ್ ಹೋದ ಕೂಡಲೇ ಮುಖ್ಯ ಸ್ವಿಚ್ಚು ಆರಿಸಿ, ಬಂದ ಮೇಲೆ ಐದು ನಿಮಿಷ ಕಾದು ಹಾಕಬೇಕು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಬೇಕು, ಇಂಟರ್‌ನೆಟ್ ಕೇಬಲ್ಲನ್ನೂ ಕೀಳಬೇಕು, ಸಿಡಿಲಿನ ಹೊಡೆತ ಅದರಲ್ಲೂ ಬರುತ್ತದೆ. ಜೆಸ್ಕಾಂನವರು ದುರಸ್ತಿಗಾಗಿ ಕರೆಂಟ್ ತೆಗೆಯುವ ದಿನಗಳ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ಆ ದಿನದ ಲ್ಯಾಬನ್ನು ಬೇರೆ ದಿನಕ್ಕೆ ಬದಲಿಸಿದರೆ ಖರ್ಚಿಲ್ಲದೆ ಒಂದು ತರಗತಿ ಉಳಿಯುತ್ತದೆ. ಪ್ರಕಟಣೆ ಇಲ್ಲದೆ ಹೋದಾಗ 1912ಕ್ಕೆ ಕರೆ ಮಾಡಲು ಯಾರ ಅಪ್ಪಣೆಯೂ ಬೇಡ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ನೋಟ್‌ಬುಕ್. ಕರೆಂಟ್ ಎಷ್ಟು ಗಂಟೆಗೆ ಹೋಯಿತು, ಎಷ್ಟು ನಿಮಿಷಕ್ಕೆ ಬಂತು ಎಂದು ಲ್ಯಾಬಿನಲ್ಲಿ ಬರೆದಿಡೋಣ. ಎರಡು ತಿಂಗಳು ಬರೆದರೆ ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂಬುದಕ್ಕೆ ಅಂಗಡಿಯವನ ಮಾತನ್ನು ನಂಬಬೇಕಿಲ್ಲ, ನಮ್ಮದೇ ಲೆಕ್ಕ ಇರುತ್ತದೆ. ದಾನಿಗಳ ಮುಂದೆ, ಆಡಳಿತ ಮಂಡಳಿಯ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಅರ್ಜಿ ಇನ್ನೊಂದಿಲ್ಲ.

ಕೇಳಿಬರುವ ಆಕ್ಷೇಪಗಳು

ಜನರೇಟರ್ ತಂದರೆ ಎಲ್ಲ ಮುಗಿಯುತ್ತದಲ್ಲ ಎನ್ನುವವರಿದ್ದಾರೆ. ಜನರೇಟರ್ ಚಾಲೂ ಆಗುವವರೆಗಿನ ಅರ್ಧ ನಿಮಿಷದಲ್ಲೇ ರ‍್ಯಾಮ್ ಖಾಲಿಯಾಗಿರುತ್ತದೆ. ಡೀಸೆಲ್ಲಿನ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಸೋಲಾರ್ ಒಳ್ಳೆಯದು, ನಮ್ಮ ಬಿಸಿಲಿಗೆ ತಕ್ಕದ್ದು. ಆದರೆ ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗಳ ಜೀವಕ್ಕೆ ಅಪಾಯವಾಗದಿರಲಿ ಎಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಹೀಗಾಗಿ ಸೋಲಾರ್ ಬಂದರೂ ಬ್ಯಾಟರಿ ತಪ್ಪುವುದಿಲ್ಲ. ಮುಂದೆ ಹೊಸ ಯಂತ್ರ ಕೊಳ್ಳುವಾಗ ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್ ಕೊಳ್ಳಿ ಎಂಬ ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದರ ಹೊಟ್ಟೆಯಲ್ಲೇ ಯುಪಿಎಸ್ ಇದೆ. ಆದರೆ ಈಗಿರುವ ಯಂತ್ರಗಳನ್ನು ಅಲ್ಲಿಯವರೆಗೆ ಕಾಯಬೇಕಲ್ಲ.

ಕೊನೆಯ ಆಕ್ಷೇಪ ಹೆಚ್ಚು ಕಷ್ಟದ್ದು. ಕಚೇರಿಯ ಕಂಪ್ಯೂಟರಿಗೆ ಮೊದಲು ಯುಪಿಎಸ್ ಬೇಕು, ಅಲ್ಲಿ ಅಡ್ಮಿಷನ್, ಪರೀಕ್ಷೆಯ ಅರ್ಜಿ, ಸ್ಕಾಲರ್‌ಶಿಪ್ ಕೆಲಸ ನಡೆಯುತ್ತದೆ ಎನ್ನುತ್ತಾರೆ. ನ್ಯಾಯವಾದ ಮಾತು. ಒಬ್ಬರ ಅರ್ಜಿ ತಪ್ಪಿದರೆ ಒಂದು ವರ್ಷವೇ ಹೋಗಬಹುದು. ಆದರೆ ಕಚೇರಿಗೆ ಒಮ್ಮೆ ಕೊಟ್ಟ ಮೇಲೆ ಮುಂದಿನ ಸರದಿ ಯಾರದು? ಸ್ಟಾಫ್ ರೂಮಿನದೇ, ಸಭಾಂಗಣದ ಮೈಕಿನದೇ, ಸಿಸಿಟಿವಿಯದೇ, ಲ್ಯಾಬಿನದೇ? ಈ ಪ್ರಶ್ನೆಗೆ ಉತ್ತರ ಕೊಡುವಾಗ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಯನ್ನು ಎದುರಿಗೆ ನಿಲ್ಲಿಸಿಕೊಂಡು ಉತ್ತರಿಸಬೇಕೆಂದು ಎಲ್ಲರಲ್ಲೂ ವಿನಂತಿ.

ಈ ವರ್ಷ ಅರ್ಥಿಂಗ್, ಮುಂದಿನ ವರ್ಷ ಇನ್ವರ್ಟರ್, ನೋಟ್‌ಬುಕ್ ಮತ್ತು ಕಂಟ್ರೋಲ್ ಎಸ್ ನಾಳೆಯಿಂದಲೇ. ಇಷ್ಟಾದರೆ ಕರೆಂಟ್ ಹೋಗುವುದು ನಿಲ್ಲುವುದಿಲ್ಲ. ಮುಧೋಳದ ಬಸ್ಸು ಹಿಡಿಯುವ ಹುಡುಗಿ ಮಾತ್ರ ತನ್ನ ಪ್ರೋಗ್ರಾಂ ಉಳಿಸಿ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಸಮಯಕ್ಕೆ ಸರಿಯಾಗಿ ಹೊರಡುತ್ತಾಳೆ.